ಶನಿವಾರದ ಅರ್ಧ ದಿನ

(ಸಾಲಗುಂದದಲ್ಲಿ ನೆರೆದ ಗಿರಣಿ ಕೆಲಸಗಾರರ ಹಾಗೂ ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೊಲದ ಕೆಲಸ, ಗಿರಣಿಯ ಪಾಳಿ, ಅಂಗಡಿಯ ಲೆಕ್ಕ ಎಲ್ಲ ಮುಗಿಸಿ ದಣಿದು ಬಂದು ಕುಳಿತಿದ್ದೀರಿ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಬೆಲೆ ಏರಿಕೆಯ ವಿಷಯವಾಗಿ ನಾನು ಮಾತನಾಡುವೆನೆಂದು ಕರಪತ್ರದಲ್ಲಿ ಅಚ್ಚಾಗಿತ್ತು. ಅದನ್ನು ಮುಂದಿನ ಸಭೆಗೆ ಇಡೋಣ. ಇಂದು ಫುಟ್‌ಬಾಲ್ ಆಟದ ಮಾತು. ನಗಬೇಡಿರಿ. ಕಾರಣ ಹೇಳುತ್ತೇನೆ.

ಹೋದ ವಾರ ಸಂಘದ ಹಿರಿಯರೊಬ್ಬರು ದಾರಿಯಲ್ಲಿ ನನ್ನನ್ನು ನಿಲ್ಲಿಸಿ, “ಮಾಸ್ತರ್ರೀ, ಹುಡುಗೂರು ಸಂಘದ ಸಭಾಕ್ಕ ಬರಂಗಿಲ್ಲ, ಚೆಂಡಿನ ಹಿಂದ ಓಡ್ತಾವ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ. ನೀವರ ಬುದ್ಧಿ ಹೇಳ್ರಿ” ಎಂದರು. ಅಂದೇ ಸಂಜೆ ಹುಡುಗರು ಬಂದು, “ಸರ, ಸಂಘದಾಗ ಬರೇ ಪಗಾರದ ಮಾತು. ನಮಗ ಆಡಾಕ ಹೊತ್ತಿಲ್ಲ, ಬಯಲಿಲ್ಲ. ಅದನ್ನ ಯಾರು ಕೇಳ್ತಾರ?” ಎಂದರು. ಎರಡು ಮಾತಿನಲ್ಲೂ ಸತ್ಯವಿದೆ. ಎರಡಕ್ಕೂ ಉತ್ತರ ಒಂದೇ ಎಂದು ನನಗೆ ತೋರಿದೆ. ಆ ಉತ್ತರ ನನಗೆ ಸಿಕ್ಕಿದ್ದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಒಂದು ವರ್ಷದ ಆಟದ ಕಥೆಯಲ್ಲಿ. 1882ರ ಚಳಿಗಾಲಕ್ಕೆ ಮೊದಲಾಗಿ 1883ರ ಮಾರ್ಚ್ 31ಕ್ಕೆ ಮುಗಿದ ಕಥೆ ಅದು.

ಆ ಊರಿನ ಹೆಸರು ಬ್ಲ್ಯಾಕ್‌ಬರ್ನ್. ಲಂಕಾಶೈರ್ ಸೀಮೆಯ ಒಂದು ಬಟ್ಟೆಯ ಊರು. ಹೆಸರು ನಮಗೆ ಹೊಸತು, ಆದರೆ ಸಂಬಂಧ ಹಳೆಯದು. ಆ ಊರಿನ ಮಗ್ಗಗಳಲ್ಲಿ ನೇಯ್ದ ಬಟ್ಟೆಯ ಬಹುಭಾಗ ಹಿಂದೂಸ್ತಾನಕ್ಕೇ ಬರುತ್ತಿತ್ತು. ನಮ್ಮ ಮುತ್ತಜ್ಜಂದಿರು ಉಟ್ಟ ಗಿರಣಿ ಧೋತರಗಳಲ್ಲಿ ಎಷ್ಟೋ ಅಲ್ಲಿ ನೇಯ್ದವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಲಂಕಾಶೈರಿನ ಗಿರಣಿಗಳು ಬಾಗಿಲು ಹಾಕಿದವು, ಕೆಲಸಗಾರರು ಉಪವಾಸ ಬಿದ್ದರು. ಆಗ ನಮ್ಮ ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಯುದ್ಧ ಮುಗಿದೊಡನೆ ಆ ಬೆಲೆ ಕುಸಿದು ರೈತ ಸಾಲದಲ್ಲಿ ಉಳಿದ. 1871ರಲ್ಲಿ ಮುಂಬಯಿ ಕಡೆಯ ರೈಲು ಮತ್ತು ಮದರಾಸು ಕಡೆಯ ರೈಲು ನಮ್ಮ ರಾಯಚೂರಿನಲ್ಲೇ ಕೂಡಿದವು. ಆ ಹಳಿಗಳ ಮೇಲೆ ಹತ್ತಿ ಬಂದರಿಗೆ ಹೋಗುತ್ತಿತ್ತು, ಬಟ್ಟೆ ಒಳನಾಡಿಗೆ ಬರುತ್ತಿತ್ತು. ಬ್ಲ್ಯಾಕ್‌ಬರ್ನ್ ನಮಗೆ ಅಷ್ಟು ದೂರದ ಊರಲ್ಲ.

ಆ ಊರಿನಲ್ಲಿ ಕೆಲಸಗಾರ ಬೆಳಿಗ್ಗೆ ಆರಕ್ಕೆ ಮಗ್ಗದ ಮುಂದೆ ನಿಲ್ಲಬೇಕು. ವಾರದಲ್ಲಿ ಭಾನುವಾರ ಒಂದೇ ಬಿಡುವು. ಭಾನುವಾರ ಆಟವಾಡುವುದು ಆ ಜನರ ಧರ್ಮಕ್ಕೆ ಒಪ್ಪದು. ಹಾಗಾದರೆ ಆಡುವುದು ಯಾವಾಗ? ಈ ಪ್ರಶ್ನೆಗೆ ಉತ್ತರ ಬಯಲಿನಲ್ಲಿ ಹುಟ್ಟಲಿಲ್ಲ, ಕಾಯ್ದೆಯ ಪುಸ್ತಕದಲ್ಲಿ ಹುಟ್ಟಿತು. ದಿನಕ್ಕೆ ಹತ್ತು ಗಂಟೆಯ ಕೆಲಸ ಸಾಕೆಂದು ಕೆಲಸಗಾರರು ದಶಕಗಳ ಕಾಲ ಸಭೆ ಸೇರಿದರು, ಅರ್ಜಿ ಕೊಟ್ಟರು. 1847ರಲ್ಲಿ ಆ ಕಾಯ್ದೆ ಬಂತು. ಮಾಲಕರು ಅದರಲ್ಲಿ ತೂತು ಹುಡುಕಿ ಪಾಳಿಗಳ ಆಟ ಹೂಡಿದರು. 1850ರಲ್ಲಿ ಇನ್ನೊಂದು ಕಾಯ್ದೆ ಬಂದು, ಬಟ್ಟೆ ಗಿರಣಿಗಳು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಿಸಬೇಕೆಂದು ಕಟ್ಟಳೆ ಹಾಕಿತು. 1874ರಲ್ಲಿ ವಾರದ ಕೆಲಸ ಐವತ್ತಾರೂವರೆ ಗಂಟೆಗೆ ಇಳಿದು, ಶನಿವಾರದ ಬಿಡುವು ಇನ್ನಷ್ಟು ಬೇಗ ಸಿಗುವಂತಾಯಿತು.

ಇಲ್ಲಿ ಒಂದು ಮಾತನ್ನು ಅಕ್ಕಂದಿರು ಗಮನಿಸಬೇಕು. ಆ ಕಾಯ್ದೆಗಳು ಗಂಡಸರ ಹೆಸರಿನಲ್ಲಿ ಬರಲಿಲ್ಲ. ಹೆಂಗಸರನ್ನೂ ಹದಿವಯಸ್ಸಿನವರನ್ನೂ ಕಾಪಾಡಲೆಂದು ಬಂದವು. ಅವರಿಲ್ಲದೆ ಗಿರಣಿ ನಡೆಯದು. ಅವರು ಹೊರಬಿದ್ದರೆ ಎಂಜಿನ್ ನಿಲ್ಲಲೇಬೇಕು, ಎಂಜಿನ್ ನಿಂತರೆ ಗಂಡಸಿಗೂ ಬಿಡುವು. ಹೀಗೆ ಹೆಂಗಸರ ಹೆಸರಿನಲ್ಲಿ ಬಂದ ಅರ್ಧ ದಿನದಲ್ಲಿ ಗಂಡಸರು ಚೆಂಡು ಒದ್ದರು. ಹೆಂಗಸರೋ ಮಗ್ಗ ಬಿಟ್ಟು ಮನೆಯ ಬಟ್ಟೆ ಒಗೆಯಲು ಹೋದರು. ಕಥೆಯ ಈ ಭಾಗವನ್ನು ಬಿಟ್ಟು ಹೇಳಿದರೆ ಅದು ಅರ್ಧ ಕಥೆ.

ಇನ್ನು ಆಟದ ಕಡೆ ಬರೋಣ. ಫುಟ್‌ಬಾಲಿನ ನಿಯಮಗಳನ್ನು ಕೂಡಿಸಿ ಬರೆದವರು, 1863ರಲ್ಲಿ ಲಂಡನ್ನಿನಲ್ಲಿ ಅದರ ಸಂಸ್ಥೆ ಕಟ್ಟಿದವರು, ಸಿರಿವಂತರ ಶಾಲೆಗಳಲ್ಲಿ ಕಲಿತ ದೊಡ್ಡ ಮನೆತನದ ಜನ. 1871ರಲ್ಲಿ ಅವರು ಒಂದು ಕಪ್ಪಿನ ಪಂದ್ಯಾವಳಿ ಆರಂಭಿಸಿದರು. 1872ರಿಂದ 1882ರವರೆಗೆ ಹನ್ನೊಂದು ಸಲ ಆ ಕಪ್ಪು ಗೆದ್ದವರು ಯಾರು? ಶ್ರೀಮಂತ ಶಾಲೆಗಳ ಹಳೆಯ ವಿದ್ಯಾರ್ಥಿಗಳು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು, ಸೈನ್ಯದ ಎಂಜಿನಿಯರ್ ಅಧಿಕಾರಿಗಳು, ಲಂಡನ್ ಸುತ್ತಲಿನ ಸಭ್ಯ ಗೃಹಸ್ಥರು. ಒಂದು ಸಲವೂ ದುಡಿಯುವವರ ಕೈಗೆ ಅದು ಬರಲಿಲ್ಲ.

ಬರಬಹುದೆಂಬ ಸೂಚನೆ 1879ರಲ್ಲಿ ಸಿಕ್ಕಿತು. ಬ್ಲ್ಯಾಕ್‌ಬರ್ನಿನ ನೆರೆಯೂರು ಡಾರ್ವೆನ್. ಅದೂ ಗಿರಣಿಯ ಊರು. ಅಲ್ಲಿನ ತಂಡ ಲಂಡನ್ನಿಗೆ ಹೋಗಿ ಓಲ್ಡ್ ಇಟೋನಿಯನ್ಸ್ ಎಂಬ ಸಿರಿವಂತರ ತಂಡವನ್ನು ಎದುರಿಸಿತು. ಒಂದು ಹಂತದಲ್ಲಿ ಇಟೋನಿಯನ್ನರದು ಐದು ಗೋಲು, ಡಾರ್ವೆನ್ನಿನದು ಒಂದು. ಡಾರ್ವೆನ್ ಹುಡುಗರು ಎದ್ದು ನಿಂತು ಐದಕ್ಕೆ ಐದು ಮಾಡಿದರು. ಇನ್ನು ಸ್ವಲ್ಪ ಹೊತ್ತು ಆಡಿ ತೀರ್ಮಾನಿಸೋಣ ಎಂದರೆ ಎದುರಾಳಿಗಳು ಒಪ್ಪಲಿಲ್ಲ. ಮತ್ತೆ ಲಂಡನ್ನಿಗೆ ಹೋಗಬೇಕಾಯಿತು. ಎರಡಕ್ಕೆ ಎರಡು. ಮೂರನೆಯ ಸಲವೂ ಲಂಡನ್ನಿಗೇ ಹೋಗಬೇಕಾಯಿತು. ಆಗ ದಣಿದ ಡಾರ್ವೆನ್ ಆರಕ್ಕೆ ಎರಡರಿಂದ ಸೋತಿತು. ಪ್ರತಿ ಸಲವೂ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ರೈಲು ಪ್ರಯಾಣ, ಖರ್ಚಿಗೆ ಊರಿನಲ್ಲಿ ವಂತಿಗೆ, ಮೇಲೆ ಪಗಾರದ ನಷ್ಟ. ಸಿರಿವಂತನಿಗೆ ಪಂದ್ಯವೆಂದರೆ ಒಂದು ಮಧ್ಯಾಹ್ನ. ಕೆಲಸಗಾರನಿಗೆ ಅದೇ ಪಂದ್ಯ ಎರಡು ದಿನದ ಕೂಲಿ. ಬಯಲು ಎಲ್ಲರಿಗೂ ಸಮವಾಗಿತ್ತು, ಬಯಲಿಗೆ ಬರುವ ದಾರಿ ಸಮವಾಗಿರಲಿಲ್ಲ.

ಈಗ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡದ ಮಾತು. ಅದು ಹುಟ್ಟಿದ್ದು 1878ರಲ್ಲಿ, ಊರಿನ ಎರಡು ಸಣ್ಣ ತಂಡಗಳು ಕೂಡಿ. ಆಡುತ್ತಿದ್ದುದು ಒಂದು ಹೆಂಡದಂಗಡಿಯ ಪಕ್ಕದ ಬಯಲಿನಲ್ಲಿ. ಆ ವರ್ಷವನ್ನು ನೆನಪಿಡಿರಿ. 1878ರಲ್ಲೇ ಗಿರಣಿ ಮಾಲಕರು ನೇಕಾರರ ಕೂಲಿಯಲ್ಲಿ ನೂರಕ್ಕೆ ಹತ್ತು ಕಡಿತ ಮಾಡಿದರು. ಸೀಮೆಯೆಲ್ಲ ಮುಷ್ಕರ ಹೂಡಿತು. ಮೇ ತಿಂಗಳಿನಲ್ಲಿ ರೊಚ್ಚಿಗೆದ್ದ ಗುಂಪು ಮಾಲಕರ ಮುಖಂಡನಾಗಿದ್ದ ಕರ್ನಲ್ ಜ್ಯಾಕ್ಸನ್ನನ ಮನೆಗೆ ಬೆಂಕಿ ಇಟ್ಟಿತು. ಸೈನ್ಯ ಬಂತು. ಸುಮಾರು ಒಂಬತ್ತು ವಾರ ಉಪವಾಸವಿದ್ದು ಕೆಲಸಗಾರರು ಸೋತು ಹಿಂದಿರುಗಿದರು. ಕೂಲಿ ಕಡಿತ ಉಳಿಯಿತು. ಆದರೆ ಶನಿವಾರದ ಅರ್ಧ ದಿನವನ್ನು ಮಾಲಕರು ಮುಟ್ಟಲಾಗಲಿಲ್ಲ. ಅದು ಕಾಯ್ದೆಯಾಗಿ ಹೋಗಿತ್ತು.

ಆ ತಂಡದ ಹನ್ನೊಂದು ಜನರ ಕಸುಬು ಕೇಳಿರಿ. ಆಸ್ಟ್ಲಿ, ಡ್ಯೂಹರ್ಸ್ಟ್, ಯೇಟ್ಸ್ ಎಂಬ ಮೂವರು ನೇಕಾರರು. ಕಾಸ್ಟ್ಲಿ ನೂಲು ತೆಗೆಯುವವನು. ವಾರ್ಡ್ ಹತ್ತಿ ಯಂತ್ರದ ಕೆಲಸಗಾರ. ಗಿಬ್ಸನ್ ಕಬ್ಬಿಣ ಎರಕದವನು. ನಾಯಕ ವಾರ್ಬರ್ಟನ್ ಕೊಳಾಯಿ ಕೆಲಸದವನು. ಮ್ಯಾಥ್ಯೂಸ್ ಪಟಗಳಿಗೆ ಕಟ್ಟು ಹಾಕುವವನು. ವಿಲ್ಸನ್ ಗುಮಾಸ್ತ. ಗೋಲು ಕಾಯುವ ಹ್ಯಾಕಿಂಗ್ ಹಲ್ಲಿನ ವೈದ್ಯನ ಸಹಾಯಕ. ತಂಡಕ್ಕೆ ಕಲಿಸುತ್ತಿದ್ದ ಜ್ಯಾಕ್ ಹಂಟರ್ ಹೆಂಡದಂಗಡಿ ನಡೆಸುವವನು. ಕೆಲಸಗಾರರೂ ಸಣ್ಣ ಅಂಗಡಿಕಾರರೂ ಕೂಡಿದ ತಂಡ ಅದು. ಈ ಸಭೆಯಲ್ಲಿ ಕುಳಿತಿರುವವರಿಂದ ಹನ್ನೊಂದು ಜನರನ್ನು ಆರಿಸಿದರೆ ಹೆಚ್ಚು ಕಡಿಮೆ ಹಾಗೆಯೇ ಆದೀತು.

1882ರ ಋತುವಿನ ಮೊದಲ ಸುತ್ತಿನಲ್ಲಿ ಅವರು ಅಕ್ರಿಂಗ್ಟನ್ ತಂಡವನ್ನು ಆರಕ್ಕೆ ಮೂರರಿಂದ ಸೋಲಿಸಿದರು. ಮುಂದೆ ನೆರೆಯೂರುಗಳ ತಂಡಗಳನ್ನು ದಾಟಿ, ವೇಲ್ಸಿನ ಡ್ರೂಯಿಡ್ಸ್ ತಂಡವನ್ನು ನಾಲ್ಕಕ್ಕೆ ಒಂದರಿಂದ ಗೆದ್ದರು. ಉಪಾಂತ್ಯದಲ್ಲಿ ಎದುರಾದುದು 1881ರಲ್ಲಿ ಕಪ್ಪು ಗೆದ್ದಿದ್ದ ಓಲ್ಡ್ ಕಾರ್ಥೂಸಿಯನ್ಸ್. ಆ ಗೃಹಸ್ಥರಿಗೆ ಒಂದು ಗೋಲನ್ನೂ ಬಿಟ್ಟುಕೊಡದೆ ನಾಲ್ಕು ಗೋಲು ಹೊಡೆದರು. ಅಂತಿಮ ಪಂದ್ಯಕ್ಕೆ ಮುಂಚೆ ಹಂಟರ್ ತನ್ನ ಹುಡುಗರನ್ನು ಬ್ಲ್ಯಾಕ್‌ಪೂಲ್ ಎಂಬ ಸಮುದ್ರ ತೀರದ ಊರಿಗೆ ಕರೆದೊಯ್ದ. ಹೊತ್ತಿಗೆ ಸರಿಯಾದ ಊಟ, ನಿದ್ದೆ, ನಡಿಗೆ, ಓಟ. ಪಂದ್ಯಕ್ಕೆಂದು ತಂಡ ಹೀಗೆ ಬೇರೆಡೆ ಹೋಗಿ ತಯಾರಾಗುವುದು ಅಂದು ಹೊಸ ಸಂಗತಿ. ಖರ್ಚಿಗೆ ಹಣ ಕೊಟ್ಟವನು ಸಿಡ್ನಿ ಯೇಟ್ಸ್ ಎಂಬ ಎರಕದ ಕಾರ್ಖಾನೆಯ ಮಾಲಕ. ಗಿರಣಿಯ ಕೂಲಿಗಳಿಗೆ ಇಷ್ಟು ದಿನ ರಜೆ ಹೇಗೆ ಸಿಕ್ಕಿತು, ಹೊಟ್ಟೆ ಹೊರೆದವರು ಯಾರು ಎಂದು ಲಂಡನ್ ಕಡೆಯ ಪತ್ರಿಕೆಯವರು ಹುಬ್ಬೇರಿಸಿದರು. ಈಟನ್ನಿನ ಯಜಮಾನರ ಹೊಟ್ಟೆ ಹೊರೆಯುವವರು ಯಾರೆಂದು ಮಾತ್ರ ಕೇಳುವ ರೂಢಿ ಇರಲಿಲ್ಲ.

1883ರ ಮಾರ್ಚ್ 31, ಶನಿವಾರ. ಲಂಡನ್ನಿನ ಕೆನ್ನಿಂಗ್ಟನ್ ಓವಲ್ ಬಯಲು. ಸುಮಾರು 8,000 ಜನ. ಎದುರಿಗೆ ಹಿಂದಿನ ವರ್ಷ ಕಪ್ಪು ಗೆದ್ದ ಓಲ್ಡ್ ಇಟೋನಿಯನ್ಸ್. ನಾಯಕ ಲಾರ್ಡ್ ಕಿನ್ನೇರ್ಡ್, ಬ್ಯಾಂಕಿನ ಮನೆತನದವನು, ಅವನಿಗೆ ಅದು ಒಂಬತ್ತನೆಯ ಅಂತಿಮ ಪಂದ್ಯ. ಮೊದಲ ಗೋಲು ಇಟೋನಿಯನ್ನರದು, ಹೊಡೆದವನು ಗುಡ್‌ಹಾರ್ಟ್. ಮಧ್ಯಂತರ ಕಳೆದ ಮೇಲೆ ಮ್ಯಾಥ್ಯೂಸ್ ಸಮ ಮಾಡಿದ. ಇಟೋನಿಯನ್ನರ ಡನ್ ಎಂಬ ಆಟಗಾರ ಗಾಯಗೊಂಡು ಹೊರಗೆ ಹೋದ. ಬದಲಿ ಆಟಗಾರರ ಪದ್ಧತಿ ಆಗ ಇರಲಿಲ್ಲ, ಅವರು ಹತ್ತೇ ಜನ ಉಳಿದರು. ಇದನ್ನು ಮುಚ್ಚಿಡಬೇಕಾಗಿಲ್ಲ, ಅದೃಷ್ಟವೂ ನಮ್ಮವರ ಕಡೆ ಇತ್ತು. ಆದರೆ ಆಟದ ರೀತಿಯೂ ಬೇರೆಯಾಗಿತ್ತು. ಸಿರಿವಂತರ ಆಟವೆಂದರೆ ಒಬ್ಬನು ಚೆಂಡು ಹಿಡಿದು ನುಗ್ಗುವುದು, ಉಳಿದವರು ಹಿಂದೆ ಓಡುವುದು. ಒಲಿಂಪಿಕ್ಕಿನವರು ಬಯಲಿನ ಈ ಅಂಚಿನಿಂದ ಆ ಅಂಚಿಗೆ ಚೆಂಡನ್ನು ದಾಟಿಸಿ, ಎದುರಾಳಿಗಳನ್ನು ಓಡಾಡಿಸಿ ದಣಿಸಿದರು. ಮಗ್ಗದ ಮನೆಯಲ್ಲಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಕೆಲಸ ದಾಟಿಸಿ ಬಲ್ಲವರಿಗೆ ಇದು ಕಷ್ಟವೇ? ಹೆಚ್ಚಿನ ಅರ್ಧ ಗಂಟೆಯ ಆಟದಲ್ಲಿ ನೇಕಾರ ಯೇಟ್ಸ್ ದಾಟಿಸಿದ ಚೆಂಡನ್ನು ನೂಲಿನ ಕಾಸ್ಟ್ಲಿ ಗೋಲಿಗೆ ಒದ್ದ. ಎರಡಕ್ಕೆ ಒಂದು. ಕಪ್ಪು ಮೊದಲ ಸಲ ದುಡಿಯುವವರ ಊರಿಗೆ ಹೋಯಿತು. ಈ ಕಪ್ಪು ಇನ್ನು ಲಂಡನ್ನಿಗೆ ಮರಳದು ಎಂದು ವಾರ್ಬರ್ಟನ್ ಊರ ಜನಕ್ಕೆ ಹೇಳಿದನೆಂದು ಪ್ರತೀತಿ. 1901ರವರೆಗೆ ಆ ಮಾತು ನಿಂತಿತು. ಸಂಬಳವಿಲ್ಲದ ಸಿರಿವಂತರ ಯಾವ ತಂಡವೂ ಆ ಕಪ್ಪನ್ನು ಮತ್ತೆಂದೂ ಗೆಲ್ಲಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ಆದರೆ ಮುಂದಿನ ಆರು ವರ್ಷದ ಕಥೆ ಇನ್ನೂ ಮುಖ್ಯ.

ಆಡಿದವನಿಗೆ ಹಣ ಕೊಡಬಾರದೆಂಬುದು ಲಂಡನ್ ಸಂಸ್ಥೆಯ ನಿಯಮ. ಉತ್ತರದ ಊರುಗಳಲ್ಲಿ ಹಣ ಗುಟ್ಟಾಗಿ ನಡೆಯುತ್ತಿತ್ತು. 1884ರಲ್ಲಿ ಪ್ರೆಸ್ಟನ್ ತಂಡದ ಮೇಲೆ ದೂರು ಬಂದಾಗ ಅದರ ಮುಖ್ಯಸ್ಥ ಸಡೆಲ್, ಅವನು ಹತ್ತಿ ಗಿರಣಿಯ ವ್ಯವಸ್ಥಾಪಕ, ಹೌದು ಕೊಡುತ್ತೇವೆ ಎಂದು ಒಪ್ಪಿಕೊಂಡ. ತಂಡವನ್ನು ಪಂದ್ಯಾವಳಿಯಿಂದ ಹೊರಹಾಕಿದರು. ಉತ್ತರದ ತಂಡಗಳು ಬೇರೆ ಸಂಸ್ಥೆ ಕಟ್ಟುತ್ತೇವೆಂದು ಎದ್ದು ನಿಂತವು. 1885ರ ಜುಲೈ ತಿಂಗಳಿನಲ್ಲಿ ಲಂಡನ್ನಿನವರು ಮಣಿದು ಆಟಗಾರನ ಸಂಬಳವನ್ನು ಒಪ್ಪಿದರು. ಇದು ನ್ಯಾಯವೇ. ದುಡಿದವನಿಗೆ ಕೂಲಿ ಬೇಡವೆನ್ನುವುದು ಕೂಲಿ ಬೇಕಿಲ್ಲದವನ ಧರ್ಮ.

ಆದರೆ ಸಂಬಳ ಬಂದ ಮೇಲೆ ಆಟ ಹಣದ ಕೈಗೆ ಹೋಯಿತು. 1888ರಲ್ಲಿ ಹನ್ನೆರಡು ತಂಡಗಳು ಕೂಡಿ ಲೀಗ್ ಕಟ್ಟಿದವು. ಒಲಿಂಪಿಕ್ ಆರಕ್ಕೆ ಮೂರರಿಂದ ಸೋಲಿಸಿದ್ದ ಅಕ್ರಿಂಗ್ಟನ್ ಅದರಲ್ಲಿತ್ತು. ಅದೇ ಊರಿನ ಹಣವುಳ್ಳ ತಂಡ ಬ್ಲ್ಯಾಕ್‌ಬರ್ನ್ ರೋವರ್ಸ್ ಅದರಲ್ಲಿತ್ತು. ಒಲಿಂಪಿಕ್ ಇರಲಿಲ್ಲ. ಅದರ ಒಳ್ಳೆಯ ಆಟಗಾರರನ್ನು ಹೆಚ್ಚು ಕೊಡುವವರು ಸೆಳೆದರು, ಬಾಗಿಲಲ್ಲಿ ಬರುವ ಕಾಸು ಸಾಲದಾಯಿತು. 1889ರಲ್ಲಿ, ಕಪ್ಪು ಗೆದ್ದ ಆರೇ ವರ್ಷಕ್ಕೆ, ತಂಡ ಮುಚ್ಚಿತು. ಪ್ರೆಸ್ಟನ್ ತಂಡ ಅದೇ ಋತುವಿನಲ್ಲಿ ಒಂದು ಪಂದ್ಯವನ್ನೂ ಸೋಲದೆ ಲೀಗನ್ನೂ ಕಪ್ಪನ್ನೂ ಗೆದ್ದಿತು. ಆದರೆ ಅದನ್ನು ಬೆಳೆಸಿದ ಸಡೆಲ್ 1895ರಲ್ಲಿ ಗಿರಣಿಯ ಲೆಕ್ಕ ತಿದ್ದಿದ ತಪ್ಪಿಗೆ ಜೈಲಿಗೆ ಹೋದ. 1901ರಲ್ಲಿ ಲಂಡನ್ ಸಂಸ್ಥೆ ಆಟಗಾರನ ಸಂಬಳಕ್ಕೆ ವಾರಕ್ಕೆ ನಾಲ್ಕು ಪೌಂಡಿನ ಮಿತಿ ಹಾಕಿತು. ಸಂಬಳಕ್ಕೆ ಮಿತಿ ಹಾಕುವ ಆ ಪದ್ಧತಿಯನ್ನು ಮುರಿಯಲು ಆಟಗಾರರ ಸಂಘಕ್ಕೆ 1961ರವರೆಗೆ ಹಿಡಿಯಿತು.

ಒಬ್ಬ ಮಾಲಕನ ಕೈಚೀಲದ ಮೇಲೆ ನಿಂತ ತಂಡ ಆ ಚೀಲ ಮುಚ್ಚಿದ ದಿನ ಬಿತ್ತು. ಕಾಯ್ದೆಯಾಗಿ ಬಂದ ಅರ್ಧ ದಿನ ಮಾತ್ರ ಯಾರ ಚೀಲದಲ್ಲೂ ಇರಲಿಲ್ಲ, ಅದು ಉಳಿಯಿತು. ಹುಡುಗರೆ, ನಿಮಗೆ ನಾನು ಹೇಳಬೇಕಾದುದು ಇಷ್ಟೇ.

ಇನ್ನೊಂದು ಕಹಿ ಮಾತು. ಅವರು ಕಪ್ಪು ಗೆದ್ದ ಹಿಂದಿನ ವರ್ಷ, 1882ರ ಮಾರ್ಚಿನಲ್ಲಿ, ಹಿಂದೂಸ್ತಾನದ ಸರಕಾರ ಪರದೇಶದ ಬಟ್ಟೆಯ ಮೇಲಿನ ಸುಂಕವನ್ನು ಪೂರ್ತಿ ತೆಗೆದುಹಾಕಿತು. ಲಂಕಾಶೈರಿನ ಒತ್ತಾಯ ಅದರ ಹಿಂದೆ ಇತ್ತು. ಬ್ಲ್ಯಾಕ್‌ಬರ್ನಿನ ಮಗ್ಗ ತಿರುಗಿದಷ್ಟು ನಮ್ಮ ಊರುಗಳ ಕೈಮಗ್ಗ ನಿಂತವು. ಅಲ್ಲಿನ ನೇಕಾರ ನಮ್ಮ ನೇಕಾರನ ವೈರಿಯಲ್ಲ. ಇಬ್ಬರ ಕೂಲಿಯನ್ನೂ ಕಡಿದವನು ಒಬ್ಬನೇ. ಆದರೆ ಈ ಇಬ್ಬರಿಗೆ ಪರಸ್ಪರ ಗುರುತಿರಲಿಲ್ಲ.

ನಮ್ಮ ಕಡೆ ಆಗ ಏನಿತ್ತು? 1881ರಲ್ಲಿ ಹಿಂದೂಸ್ತಾನದ ಮೊದಲ ಕಾರ್ಖಾನೆ ಕಾಯ್ದೆ ಬಂತು. ಏಳು ವರ್ಷ ತುಂಬದ ಮಗುವನ್ನು ದುಡಿಸಬಾರದು, ಏಳರಿಂದ ಹನ್ನೆರಡು ವರ್ಷದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದಿತು. ದೊಡ್ಡವರ ಗಂಟೆಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಒಲಿಂಪಿಕ್ ಗೆದ್ದ ಮರು ವರ್ಷ, 1884ರಲ್ಲಿ, ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೆಲಸಗಾರರನ್ನು ಕೂಡಿಸಿ, ವಾರಕ್ಕೆ ಒಂದು ದಿನ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು ಎಂದು ಅರ್ಜಿ ಬರೆಸಿದರು. 1890ರ ಜೂನಿನಲ್ಲಿ ಮುಂಬಯಿ ಮಾಲಕರು ಭಾನುವಾರದ ರಜೆ ಕೊಟ್ಟರು. ಇಂಗ್ಲೆಂಡಿನಲ್ಲಿ ಲೀಗ್ ಪಂದ್ಯ ನೋಡಲು ಸಾವಿರಾರು ಕೆಲಸಗಾರರು ಹೋಗುತ್ತಿದ್ದ ಕಾಲದಲ್ಲಿ ನಮ್ಮವರು ಒಂದು ಭಾನುವಾರಕ್ಕೆ ಹೋರಾಡುತ್ತಿದ್ದರು. 1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಸಿಗೆ ದಿನಕ್ಕೆ ಹನ್ನೆರಡು ಗಂಟೆಯ ಮಿತಿ ಹಾಕಿತು. ಅದೇ 1911ರ ಜುಲೈ 29ರಂದು ಕಲಕತ್ತೆಯ ಮೋಹನ್ ಬಗಾನ್ ಇಂಗ್ಲಿಷ್ ಸೈನಿಕರ ತಂಡವನ್ನು ಎರಡಕ್ಕೆ ಒಂದರಿಂದ ಸೋಲಿಸಿ ಶೀಲ್ಡ್ ಗೆದ್ದಿತು. ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪು ಗೆದ್ದಿತು. ಕಾಲಿಗೆ ಶಕ್ತಿ ನಮ್ಮಲ್ಲಿ ಎಂದೂ ಕಡಿಮೆ ಇರಲಿಲ್ಲ.

1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಬರೆಯಿತು. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಅದನ್ನು ತಿದ್ದಿ, ವಾರದ 48 ಗಂಟೆಯ ಮಿತಿ ಉಳಿಸಿ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. 1911ರ ಅಂಕಿಯೇ ಮರಳಿ ಬಂತು. ಗಂಟೆಗಳು ತಾವಾಗಿ ಕಡಿಮೆಯಾಗುವುದಿಲ್ಲ. ಕಾಯದೆ ಬಿಟ್ಟರೆ ತಾವಾಗಿ ಬೆಳೆಯುತ್ತವೆ.

ನಾನು ಶಾಲೆಯಲ್ಲಿ ಕಲಿಸುತ್ತಿದ್ದಾಗ ನಮ್ಮ ತಂಡದಲ್ಲಿ ಒಬ್ಬ ಹುಡುಗನಿದ್ದ. ಎಡಗಾಲಿನಲ್ಲಿ ಅವನು ಒದ್ದ ಚೆಂಡನ್ನು ಹಿಡಿಯುವವರಿರಲಿಲ್ಲ. ಒಂದು ಪಂದ್ಯದ ದಿನ ಅವನು ಬರಲೇ ಇಲ್ಲ. ತಂದೆ ಹಮಾಲಿ, ಅಂದು ಜ್ವರ. ಒಂದು ದಿನ ತಪ್ಪಿದರೆ ಕೆಲಸ ಹೋದೀತೆಂದು ಅವನ ಬದಲು ಮಗನನ್ನು ಅಕ್ಕಿ ಗಿರಣಿಗೆ ಕಳಿಸಿದ್ದರು. ಸಂಜೆ ನಾನು ಹೋಗಿ ನೋಡಿದಾಗ ಮೈಯೆಲ್ಲ ತೌಡಿನ ಧೂಳು, ಗೋಣಿಚೀಲ ಮಡಚುತ್ತಿದ್ದ. ಯಾರು ಗೆದ್ದರು ಸರ ಎಂದು ಕೇಳಿದ. ಅವನು ಶಾಲೆಗೆ ಮರಳಲಿಲ್ಲ. ನಾನೂ ಬಹಳ ದಿನ ಅಲ್ಲಿ ಉಳಿಯಲಿಲ್ಲ. ಮೆಟ್ರಿಕ್ ಓದಿದ ನನಗೆ ದೊಡ್ಡ ಪುಸ್ತಕಗಳ ತತ್ವ ತಿಳಿಯದು. ಆ ಹುಡುಗ ಸೋತದ್ದು ಬಯಲಿನಲ್ಲಲ್ಲ ಎಂಬುದಷ್ಟು ತಿಳಿಯಿತು.

ಎಡದಂಡೆ ಕಾಲುವೆ ಬಂದು ನಮ್ಮ ಸಿಂಧನೂರು ಸೀಮೆಯ ಜೋಳ-ಹತ್ತಿಯ ನೆಲ ಭತ್ತದ ನೆಲವಾಯಿತು. ಗಿರಣಿಗಳು ಎದ್ದವು, ಲಾರಿಗಳು ಬಂದವು. ಗಿರಣಿಯ ಹುಡುಗನಿಗೆ ವಾರಕ್ಕೊಂದು ಸಂಬಳದ ಸೂಟಿ ಬಂತೇ? ಎಲ್ಲರೂ ಆಡಬಹುದಾದ ಒಂದು ಬಯಲು ಉಳಿಯಿತೇ?

ಆದುದರಿಂದ ಹಿರಿಯರಲ್ಲಿ ನನ್ನ ವಿನಂತಿ. ಆಟ ಜುಟ್ಟಿನ ಮಲ್ಲಿಗೆಯಲ್ಲ. ಎಂಟು ಗಂಟೆಯ ಕೆಲಸವನ್ನು ನಾವು ಕೇಳುವುದು ಉಳಿದ ಗಂಟೆಗಳಲ್ಲಿ ಮನುಷ್ಯರಂತೆ ಬದುಕಲಿಕ್ಕೆ. ಬೇಡಿಕೆ ಪಟ್ಟಿಯಲ್ಲಿ ಪಗಾರದ ಕೆಳಗೆ ವಾರದ ರಜೆಯನ್ನೂ ಊರ ಗಾಯರಾಣದಲ್ಲಿ ಒಂದು ಆಟದ ಬಯಲನ್ನೂ ಬರೆಯಿರಿ. ಅಂಗಡಿಕಾರ ಮಿತ್ರರಲ್ಲಿ ವಿನಂತಿ. ಡಾರ್ವೆನ್ನಿನವರು ವಂತಿಗೆ ಎತ್ತಿದಂತೆ ನೀವೂ ನಾಲ್ಕು ಕಾಸು ಹಾಕಿರಿ, ನಿಮ್ಮ ಅಂಗಡಿಯಲ್ಲಿ ದುಡಿಯುವ ಹುಡುಗನಿಗೂ ಆ ಅರ್ಧ ದಿನ ಕೊಡಿರಿ. ಹುಡುಗರಲ್ಲಿ ವಿನಂತಿ. ತಂಡ ಕಟ್ಟಿರಿ, ಆದರೆ ಒಬ್ಬ ಧನಿಕನ ಹೆಸರನ್ನು ಅಂಗಿಯ ಮೇಲೆ ಬರೆಸಿಕೊಂಡು ಕಟ್ಟಬೇಡಿರಿ. ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲಿರಲಿ. ನಿಮ್ಮ ಅಕ್ಕತಂಗಿಯರಿಗೂ ಬಯಲಿನಲ್ಲಿ ಹೊತ್ತು ಗೊತ್ತು ಮಾಡಿರಿ. ಆಟ ಮುಗಿದ ಮೇಲೆ ಬೆವರು ಒರೆಸಿಕೊಂಡು ನೇರ ಸಂಘದ ಸಭೆಗೆ ಬನ್ನಿರಿ. ಸಭೆ ನೀರಸವಾಗಿದ್ದರೆ ಅದು ನಮ್ಮ ತಪ್ಪು, ತಿದ್ದಿಕೊಳ್ಳುತ್ತೇವೆ.

ಮುಂದಿನ ಭಾನುವಾರ ಬೇಡಿಕೆ ಪಟ್ಟಿಯನ್ನು ಕೂತು ಬರೆಯೋಣ. ಪೆನ್ನು ಹಿಡಿಯಲು ಹುಡುಗರೇ ಬರಲಿ.